ಗೆರೆಗೂ ಕಡಲಿಗೂ ನಡುವೆ

ಟ್ಯೂನಿಸ್,
11 ಮಾರ್ಚ್ 1986

ಅಪ್ಪಾ,

ಸಲಾಮು. ದ್ವೀಪದ ಹಡಗು ಸ್ಫಾಕ್ಸ್ ಬಂದರು ಮುಟ್ಟುವ ಹೊತ್ತಿಗೆ ಗಾಳಿ ನಿಂತಿತ್ತು. ಅಮ್ಮ ಕಟ್ಟಿಕೊಟ್ಟ ಜವೆಗೋಧಿ ರೊಟ್ಟಿಯನ್ನು ರೈಲಿನಲ್ಲೇ ಮುಗಿಸಿದೆ.

ನಿನ್ನ ಮೇಲೆ ನನಗೆ ಸಿಟ್ಟಿದೆ. ಕಾಫಿ ಅಂಗಡಿಯ ಗೋಡೆಗೆ ನನ್ನ ಲೆಕ್ಕದ ಗೆರೆ ಬರೆದ ಹಾಳೆ ಅಂಟಿಸಿ ನಾನು ಮಾತಾಡುತ್ತಿದ್ದಾಗ ಮೀನುಗಾರರೆಲ್ಲ ಸುಮ್ಮನೆ ಕೇಳುತ್ತಿದ್ದರು. ಯಾವ ಜೀವಿಯಾದರೂ ಕಡಿಮೆ ಇದ್ದಾಗ ನಿಧಾನವಾಗಿ ಹೆಚ್ಚುತ್ತದೆ. ಜಾಗವೂ ಆಹಾರವೂ ಇರುವ ತನಕ ಭರದಿಂದ ಹೆಚ್ಚುತ್ತದೆ. ಕಡಲು ತುಂಬುತ್ತ ಬಂದಂತೆ ಮತ್ತೆ ನಿಧಾನವಾಗುತ್ತದೆ. ನಮ್ಮ ಆಕ್ಟೋಪಸ್‌ಗಳು ಈಗ ಆ ಗೆರೆಯ ಬುಡದಲ್ಲಿವೆ. ಸರ್ಕಾರದ ನಿಷೇಧ ಶುರುವಾಗುವ ಮೇ ನಡುವಿನವರೆಗೆ ಕಾಯದೆ ಏಪ್ರಿಲ್ ಹುಟ್ಟಿದ ಕೂಡಲೇ ಬೇಟೆ ನಿಲ್ಲಿಸಿದರೆ ಬರುವ ಚಳಿಗಾಲದಲ್ಲಿ, ಅವು ಬಂದು ಅಡಗಲೆಂದು ನಾವು ಕಡಲಿಗೆ ಇಳಿಬಿಡುವ ಮಡಕೆಗಳು ತುಂಬಿ ಬರುತ್ತವೆ. ಇಷ್ಟೇ ನಾನು ಹೇಳಿದ್ದು. ಶಾದ್ಲಿ ಮಾತ್ರ, "ಕಾಗದದ ಮೇಲಾದ್ರೆ ನಾನೂ ತಿಮಿಂಗಿಲ ಹಿಡೀತೀನಿ ಕಣಮ್ಮಾ" ಎಂದ. ಅಷ್ಟಕ್ಕೇ ನೀನು ಎದ್ದು ನಿಂತು ಗಡ್ಡ ಹಿಡಿದುಕೊಂಡು, "ಇವಳ ಮಾತು ನನ್ನ ಮಾತು. ಸುಳ್ಳಾದ್ರೆ ಬಂದು ನನ್ನ ಕೇಳ್ರೋ" ಎನ್ನಬೇಕಿತ್ತೇ? ನಾನು ತಂದದ್ದು ಒಂದು ಲೆಕ್ಕ. ನೀನು ಅದನ್ನು ಆಣೆ ಮಾಡಿಬಿಟ್ಟೆ.

ನಿಜ ಹೇಳಬೇಕೆಂದರೆ ಆಗ ನನ್ನ ಎದೆ ಉಬ್ಬಿತು. ಊರಿನ ಮೀನುಗಾರರ ಹಿರಿಯನೇ ತನ್ನ ಮಗಳಿಗಾಗಿ ಎದ್ದು ನಿಂತದ್ದನ್ನು ನಮ್ಮ ಮೀನು ಸಂಶೋಧನಾ ಕಚೇರಿಯಲ್ಲಿ ಎಲ್ಲರಿಗೂ ಹೇಳಿದೆ. ನಮ್ಮ ಮುಖ್ಯಸ್ಥ ಡಾಕ್ಟರ್ ಕಮ್ಮೂನ್ ನಕ್ಕು, "ನಿಮ್ಮಪ್ಪನ್ನೇ ನಾವು ಕೆಲಸಕ್ಕೆ ಇಟ್ಕೊಬೇಕಿತ್ತು" ಎಂದರು. ಲೆಕ್ಕ ಫಲಿಸಿದರೆ ಅದೇ ನನ್ನ ಡಾಕ್ಟರೇಟ್ ಪ್ರಬಂಧವಾಗುತ್ತದಂತೆ.

ನಿನ್ನ ಮಗ ತಿಜಾನಿ ನನ್ನೊಡನೆ ಮಾತಾಡದೆ ದೋಣಿಗೆ ಹೋದ. ಅವನಿಗೆ ಹೇಳು, ಬೇಟೆಯ ಹಣವಿಲ್ಲದೆ ಅವನ ಮದುವೆ ಮುಂದಿನ ಚಳಿಗಾಲಕ್ಕೆ ಹೋದರೂ ಜೋರಾಗೇ ಆಗುತ್ತದೆ.

ನಿನ್ನ ಮಗಳು,
ದಲಂದಾ

*

ಕರ್ಕೆನ್ನಾ,
6 ಏಪ್ರಿಲ್ 1986

ಮಗಳು ದಲಂದಾಳಿಗೆ,

ಆಣೆ ಇಟ್ಟವನು ನಾನು, ಸಿಟ್ಟು ನಿನಗೆ. ಚೆನ್ನಾಗಿದೆ ನ್ಯಾಯ.

ಮಡಕೆಗಳೆಲ್ಲ ದಡಕ್ಕೆ ಬಂದವು. ಮೊದಲು ನಮ್ಮವು, ಆಮೇಲೆ ಉಳಿದವರವು. ಹಗ್ಗ ಬಿಚ್ಚಿ, ಪಾಚಿ ಕೆರೆದು, ದಂಡೆಯುದ್ದಕ್ಕೂ ಪೇರಿಸಿದ್ದೇವೆ. ಆಚೆ ಊರಿನವರು ಬಂದು, "ಏನ್ರೋ, ಕುಂಬಾರಿಕೆ ಶುರು ಮಾಡಿದ್ರಾ?" ಎಂದು ಆಡಿಕೊಂಡರು. ಶಾದ್ಲಿ ಎಲ್ಲರಿಗಿಂತ ಕೊನೆಗೆ ತಂದ. ತಂದವನು ನನ್ನ ಕಾಲ ಬಳಿ ಒಂದು ಮಡಕೆ ಇಟ್ಟು, "ತಗೋ ಲರೂಸಿ, ಇದು ನಿನ್ನ ಮಗಳ ಗೆರೆಗೆ" ಎಂದ. ಅವನ ಮನೆಯಲ್ಲಿ ಉಣ್ಣುವ ಬಾಯಿ ಎಷ್ಟೆಂದು ನಿನಗೆ ಗೊತ್ತು. ಆದರೂ ತಂದ.

ತಿಜಾನಿಯ ಮುಖ ಹುಳಿದ್ರಾಕ್ಷಿ ತಿಂದವನಂತೆ ಇದೆ. ಮದುವೆ ಚಳಿಗಾಲಕ್ಕೆ ಎಂದು ಹುಡುಗಿಯ ಅಪ್ಪನಿಗೆ ಹೇಳಿ ಬಂದೆ. ಈಗ ನಾನೂ ಅವನೂ ಶರ್ಫಿಯಾಕ್ಕೆ ಹೊಸ ಖರ್ಜೂರದ ಗರಿ ನೆಡುತ್ತಿದ್ದೇವೆ. ಆಳವಿಲ್ಲದ ನೀರಿನಲ್ಲಿ ನಮ್ಮಜ್ಜ ಕಟ್ಟಿದ ಬೇಲಿ ಅದು. ಮೀನು ತಾನಾಗಿ ಬಂದು ಬೀಳುವುದರಿಂದ ಮನೆಯ ಒಲೆಗೆ ಮೋಸವಿಲ್ಲ.

ನಿನ್ನಮ್ಮ ಮಹ್ಬೂಬಾ ನಿನಗೆ ಒಣಗಿಸಿದ ಆಕ್ಟೋಪಸ್ ಕಟ್ಟಿಟ್ಟಿದ್ದಾಳೆ. ಮನೆಯಲ್ಲಿ ಉಳಿದ ಕೊನೆಯದು. ನಾವು ಮುಂದಿನ ಚಳಿಗಾಲ ತಿನ್ನುತ್ತೇವೆ ಬಿಡು.

ನಿನ್ನಪ್ಪ,
ಲರೂಸಿ

*

ಕರ್ಕೆನ್ನಾ,
20 ನವೆಂಬರ್ 1986

ಮಗಳು ದಲಂದಾಳಿಗೆ,

ನಿನ್ನ ಮೂರೂ ಕಾಗದಗಳು ಬಂದವು. ಉತ್ತರ ತಡವಾಯಿತು, ಕಣ್ಣಿಗೆ ಹೊಸ ಕನ್ನಡಕ ಬೇಕು.

ಇಲ್ಲಿ ಎಲ್ಲ ಚೆನ್ನಾಗಿದೆ. ಅಮ್ಮನ ಮೊಣಕಾಲು ನೋವು ವಾಸಿ. ಆಲಿವ್ ಈ ಸಲ ಸುಮಾರು. ಕತ್ತೆ ಕುಂಟುತ್ತಿತ್ತು, ಈಗ ಸರಿಹೋಗಿದೆ.

ಆಕ್ಟೋಪಸ್ ಹೇಗೆ ಎಂದು ಕೇಳಿದ್ದೀಯ. ನೀರು ಇನ್ನೂ ಬೆಚ್ಚಗಿದೆ, ಚಳಿ ಬೀಳಬೇಕು. ಕಡಲಿಗೆ ಅವಸರ ಮಾಡಬಾರದು. ನೀನು ನಿನ್ನ ಪ್ರಬಂಧ ಬರೆ. ಸದ್ಯಕ್ಕೆ ಬರುವ ತೊಂದರೆ ತೆಗೆದುಕೊಳ್ಳಬೇಡ, ಹಡಗು ಬಹಳ ತೂಗಾಡುತ್ತಿದೆ.

ನಿನ್ನಪ್ಪ,
ಲರೂಸಿ

*

ಕರ್ಕೆನ್ನಾ,
14 ಡಿಸೆಂಬರ್ 1986

ದಲಂದಾ,

ಅಪ್ಪ ನಿನಗೆ ಕತ್ತೆಯ ಕಾಲಿನ ವಿಷಯ ಬರೆದನಂತೆ. ಉಳಿದದ್ದನ್ನು ನಾನು ಬರೆಯುತ್ತೇನೆ.

ಏನೂ ಇಲ್ಲ. ಹೋದ ವರ್ಷ ಸಿಕ್ಕದ್ದರ ಅರ್ಧವೂ ಇಲ್ಲ. ಹಗ್ಗ ಎಳೆಯುತ್ತೇವೆ, ಮಡಕೆಗಳಿಂದ ನೀರು ಸುರಿಯುತ್ತದೆ, ಅಷ್ಟೇ. ಆಗಸ್ಟಿನಲ್ಲಿ ದಂಡೆಯ ನೀರಿನಲ್ಲಿ ಮರಿಗಳು ಬೇಕಾದಷ್ಟಿದ್ದವು. ಅಪ್ಪ ಅವನ್ನು ತೋರಿಸಿ ಎಲ್ಲರ ಬೆನ್ನು ತಟ್ಟಿದ್ದ. ಅವೆಲ್ಲ ಎಲ್ಲಿ ಹೋದವೋ, ನಿನ್ನ ಹಾಳೆಯನ್ನೇ ಕೇಳು.

ಕಾಫಿ ಅಂಗಡಿಯಲ್ಲಿ ಏನು ನಡೆಯುತ್ತದೆ ಗೊತ್ತೇ? ಅಪ್ಪ ಒಳಗೆ ಕಾಲಿಟ್ಟ ಕೂಡಲೇ ಶಾದ್ಲಿ, "ಏ ಜಾಗ ಬಿಡ್ರೋ, ಗಡ್ಡ ಬಂತು!" ಎನ್ನುತ್ತಾನೆ. ಇನ್ನೊಬ್ಬ, "ಮಾವಾ, ಆ ಗೆರೇನ ಬೇಯಿಸ್ಬೇಕೋ ಹುರೀಬೇಕೋ?" ಎನ್ನುತ್ತಾನೆ. ಅಪ್ಪನೂ ಅವರೊಡನೆ ನಗುತ್ತಾನೆ. ನಕ್ಕು, ಕಾಫಿ ಕುಡಿದು, ಮನೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗುತ್ತಾನೆ. ಹಾಗೆಂದು ಹೋಗುವುದನ್ನು ಮಾತ್ರ ಬಿಟ್ಟಿಲ್ಲ. "ನಾನ್ ಹೋಗ್ದಿದ್ರೆ ಯಾರನ್ನ ಕೇಳ್ತಾರೆ ಅವ್ರು?" ಎನ್ನುತ್ತಾನೆ.

ನನ್ನ ಮದುವೆ ಮತ್ತೆ ಮುಂದೆ ಹೋಯಿತು. ಅದಕ್ಕಾಗಿ ಇದನ್ನು ಬರೆಯುತ್ತಿಲ್ಲ. ನೀನೇ ಬಂದು ಎದುರಿಗೆ ನಿಂತು, "ನನ್ನ ಲೆಕ್ಕ ತಪ್ಪಾಯ್ತು" ಎಂದರೆ ಸಾಕು. ಬೈಯುತ್ತಾರೆ, ಆಮೇಲೆ ಮರೆಯುತ್ತಾರೆ.

ತಿಜಾನಿ

*

ಟ್ಯೂನಿಸ್,
18 ಜನವರಿ 1987

ಅಪ್ಪಾ,

ಈದ್ ತನಕ ಬರಲಾಗುವುದಿಲ್ಲ. ಕಚೇರಿಯಲ್ಲಿ ಕೆಲಸ ಮೈಮೇಲೆ ಬಿದ್ದಿದೆ.

ಸಚಿವಾಲಯದವರು ವರದಿ ಕೇಳಿದ್ದರು, ನಿರೀಕ್ಷಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇಷ್ಟು ಅಂತರ ಯಾಕೆ ಎಂದು. ಬರೆದು ಕೊಟ್ಟೆ. ಬರೆಯಬಹುದಾದದ್ದನ್ನು ಬರೆದಿದ್ದೇನೆ.

ಕನ್ನಡಕ ಮಾಡಿಸಿಕೊಂಡೆಯಾ? ಅಮ್ಮನಿಗೆ ಉಣ್ಣೆಯ ಶಾಲು ಕಳಿಸಿದ್ದೇನೆ. ತಿಜಾನಿಯ ಕಾಗದ ಬಂತು. ಅವನಿಗೆ ಆಮೇಲೆ ಬರೆಯುತ್ತೇನೆ.

ದಲಂದಾ

*

ಕರ್ಕೆನ್ನಾ,
22 ಫೆಬ್ರವರಿ 1987

ದಲಂದಾಳಿಗೆ,

ಮೀನುಗಾರಿಕೆ ಇಲಾಖೆಯ ಜೀಪು ಊರಿಗೆ ಬಂತು. ಬಂದವರು ದೋಣಿಗಳನ್ನು ತಡಕಿದರು, ಮನೆಗಳ ಹಿಂದೆ ಹೊಕ್ಕು ಮಡಕೆಗಳನ್ನು ಒದ್ದರು. ಶಾದ್ಲಿಯ ಹೆಂಡತಿ ನೀರು ತುಂಬುವ ಮಡಕೆಯನ್ನೂ ಒಡೆದು ಹಾಕಿದರು. ಯಾಕೆಂದು ಕೇಳಿದೆ. ಅಧಿಕಾರಿ ನನ್ನ ಕೈಗೊಂದು ಕಾಗದ ಕೊಟ್ಟ.

"ನಿಷೇಧದ ಅವಧಿಯಲ್ಲಿ ದ್ವೀಪದವರು ಮಾತು ಮುರಿದು ವ್ಯಾಪಕವಾಗಿ ಕಳ್ಳಬೇಟೆ ನಡೆಸಿದ್ದೇ ಈ ಅಂತರಕ್ಕೆ ಕಾರಣವಾಗಿರಬೇಕು." ಕೆಳಗೆ ನಿನ್ನ ಸಹಿ. ಸಹಿ ಚೆನ್ನಾಗಿದೆ, ಶಾಲೆಯಲ್ಲಿದ್ದಾಗಿನಂತೆಯೇ ದುಂಡಗಿದೆ.

ಓದಿ ಹೇಳು ಎಂದು ಸುತ್ತ ನಿಂತವರು ಕೇಳಿದರು. ಕನ್ನಡಕ ತಂದಿಲ್ಲ ಎಂದೆ. ಅಧಿಕಾರಿಯೇ ಗಟ್ಟಿಯಾಗಿ ಓದಿದ, ಹೆಸರು ಸಮೇತ.

ಒಂದು ಮಾತು ಕೇಳುತ್ತೇನೆ. ನೀನು ಯಾರನ್ನಾದರೂ ನೋಡಿದೆಯಾ? ಯಾರಾದರೂ ನೋಡಿ ನಿನಗೆ ಹೇಳಿದರೇ?

ಲರೂಸಿ

*

ಟ್ಯೂನಿಸ್,
8 ಮಾರ್ಚ್ 1987

ಅಪ್ಪಾ,

ನಾನು ಯಾರ ಹೆಸರನ್ನೂ ಬರೆದಿಲ್ಲ. "ಕಾರಣವಾಗಿರಬೇಕು" ಎಂದು ಬರೆದೆ, "ಕಾರಣ" ಎಂದಲ್ಲ. ನಮ್ಮ ಕೆಲಸದಲ್ಲಿ ಇವೆರಡಕ್ಕೂ ಬಹಳ ವ್ಯತ್ಯಾಸವಿದೆ. ಜೀಪು ಬರುತ್ತದೆಂದು ನನಗೆ ಹೇಗೆ ಗೊತ್ತಾಗಬೇಕು?

ನನ್ನ ಸಮೀಕರಣ ಬೇರೆ ಕಡಲುಗಳಲ್ಲಿ ಸರಿಯಾಗಿ ನಡೆದಿದೆ. ಗೆರೆ ಮೇಲೆ ಹೋಗಬೇಕಿತ್ತು, ಸಿಕ್ಕಿದ ಬೇಟೆ ಕೆಳಗೆ ಹೋಯಿತು. ನಡುವಿನದು ಎಲ್ಲಿಗಾದರೂ ಹೋಗಿರಬೇಕಲ್ಲ? ಡಾಕ್ಟರ್ ಕಮ್ಮೂನ್, "ನೋಡಮ್ಮ, ಒಂದೋ ನಿನ್ನ ಗೆರೆ ಸುಳ್ಳು, ಇಲ್ಲಾ ನಿಮ್ಮೂರೋರು ಸುಳ್ಳು. ಯಾವುದು ಅಂತ ನೀನೇ ಬರಿ" ಎಂದರು. ನಾನು ಇಲ್ಲಿಗೆ ಹೇಗೆ ಬಂದೆನೆಂದು ನಿನಗೆ ಗೊತ್ತು. ಮೀನುಗಾರನ ಮಗಳು, ದ್ವೀಪದವಳು, ಹೆಂಗಸು. ಒಮ್ಮೆ ತಪ್ಪಿದರೆ ಮತ್ತೆ ನನ್ನನ್ನು ಯಾರೂ ಕೇಳುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ. ನಾನು ಯಾರನ್ನೂ ನೋಡಿಲ್ಲ.

ದಲಂದಾ

*

ಕರ್ಕೆನ್ನಾ,
12 ಏಪ್ರಿಲ್ 1987

ದಲಂದಾ,

ನಿನ್ನ ಗೆರೆ ಗೆದ್ದಿತು. ಕಳ್ಳ ಸಿಕ್ಕ.

ಗುರುವಾರ ಆ ಅಧಿಕಾರಿ ಕಾಫಿ ಅಂಗಡಿಗೇ ಬಂದ. ಪರವಾನಗಿಗಳ ಕಟ್ಟನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಕೈ ಇಟ್ಟ. "ಕಳ್ಳ ಯಾರು ಅಂತ ಗೊತ್ತಾಗೋ ತನಕ ಈ ಊರಿನ ಒಂದು ದೋಣಿಗೂ ಪರವಾನಗಿ ಇಲ್ಲ" ಎಂದ. ಇಸ್ಪೀಟು ಹಿಡಿದವರು ಹಾಗೇ ಕೂತರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಪ್ಪ ಲೋಟ ಕೆಳಗಿಟ್ಟ.

"ಬರ್ಕೊಳ್ಳಿ. ನಾನೇ."

"ನೀವೇ ಅಂದ್ರೆ?"

"ಮಡಕೆ ಬಿಟ್ಟಿದ್ದು. ಹೋದ ವರ್ಷ ಏಪ್ರಿಲ್ ಪೂರಾ. ಬೆಳಗಿನ ಜಾವ ಹೋಗ್ತಿದ್ದೆ. ಹೆಸರು ಲರೂಸಿ. ಅಪ್ಪನ ಹೆಸರೂ ಬೇಕಾ?"

ಶಾದ್ಲಿ ಎದ್ದುಬಿಟ್ಟ. "ಏನ್ ಮಾತಾಡ್ತಿದ್ದೀಯೋ ನೀನು? ನಮ್ಮ ಮಡಕೆ ದಡಕ್ಕೆ ಹಾಕ್ಸಿ ನೀನು ಹೋಗಿದ್ಯಾ?"

"ಹೋಗಿದ್ದೆ."

"ನನ್ನ ಮಕ್ಕಳು ಬರೀ ಜವೆ ಗಂಜಿ ಕುಡಿದ್ರಲ್ಲೋ!"

"ಗೊತ್ತು."

ಶಾದ್ಲಿ ಉಗಿದ. ಅಪ್ಪನ ಮೇಲಲ್ಲ, ಕಾಲ ಬಳಿ. ಅಪ್ಪ ಕದಲಲಿಲ್ಲ.

ಆ ಏಪ್ರಿಲ್ ತಿಂಗಳಿಡೀ ಅಪ್ಪ ನನ್ನ ಜೊತೆ ಸೊಂಟದ ತನಕ ನೀರಿನಲ್ಲಿ ನಿಂತು ಬೇಲಿಗೆ ಗರಿ ನೆಡುತ್ತಿದ್ದ. ನನ್ನನ್ನು ಬಿಟ್ಟು ಒಂದು ಬೆಳಗೂ ಕಡಲಿಗೆ ಇಳಿದಿಲ್ಲ. ನಾನು ಬಾಯಿ ತೆರೆದರೆ ಸಾಕಿತ್ತು. ಅಪ್ಪ ನನ್ನ ಕಡೆ ನೋಡಿದ, ತೆರೆಯಬೇಡ ಎಂಬಂತೆ. ಅವನು ನೋಡಿದ್ದಕ್ಕೆ ನಾನು ಸುಮ್ಮನಾದೆ ಎಂದು ಎಲ್ಲರಿಗೂ ಹೇಳಿಕೊಳ್ಳಬಹುದು. ನಿಜ ಅದಲ್ಲ. ಮೇಜಿನ ಮೇಲೆ ನನ್ನ ಪರವಾನಗಿಯೂ ಇತ್ತು. ಅಧಿಕಾರಿ ಹಂಚುವಾಗ ಕೈ ಚಾಚಿ ತೆಗೆದುಕೊಂಡೆ.

ಅಪ್ಪನ ಪರವಾನಗಿ ರದ್ದು. ಶರ್ಫಿಯಾಕ್ಕೆ ಮುದ್ರೆ ಹೊಡೆದಿದ್ದಾರೆ. ಹಿರಿಯನ ಸ್ಥಾನದಿಂದಲೂ ಇಳಿಸಿದರು. ದಾರಿಯಲ್ಲಿ ಅವನು ಸಲಾಮು ಹೇಳಿದರೆ ಜನ ಗೋಡೆಗೆ ಹೇಳಿದಂತೆ ಮುಂದೆ ಹೋಗುತ್ತಾರೆ. ಬಾವಿಯ ಹತ್ತಿರ ಅಮ್ಮನಿಗೂ ಅದೇ.

ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ. "ಊರೋರು ಕಳ್ಳರೂ ಅಲ್ಲ, ನನ್ನ ಮಗಳು ಸುಳ್ಳಿಯೂ ಅಲ್ಲ. ಮತ್ತೆ ಯಾರಾದ್ರೂ ಒಬ್ಬ ಬೇಕಿತ್ತಲ್ಲ" ಎಂದ.

ತಿಜಾನಿ

*

ಟ್ಯೂನಿಸ್,
3 ಮೇ 1987

ಅಪ್ಪಾ,

ಎರಡು ವಾರ ನಿನಗೆ ಬರೆಯಲು ಕೈ ಬರಲಿಲ್ಲ. ತಿಜಾನಿಯ ಕಾಗದ ಬಂದ ದಿನವೇ ಡಾಕ್ಟರ್ ಕಮ್ಮೂನ್ ನನ್ನನ್ನು ಕರೆದು ಕುರ್ಚಿ ತೋರಿಸಿದರು. ಬಹಳ ಮೆತ್ತಗೆ, "ನಿಮ್ಮ ತಂದೆ ವಿಷಯ ಕೇಳಿದೆ. ದುಃಖದ ಸಂಗತಿ. ಆದ್ರೆ ಪ್ರಬಂಧ ಉಳೀತು" ಎಂದರು. ನಾನು "ಹೌದು" ಎಂದೆ. ಅಪ್ಪಾ, ನಾನು ಹೌದು ಎಂದೆ.

ಆಮೇಲೆ ಕೂತು, ಜನವರಿಯಲ್ಲೇ ಮಾಡಬೇಕಿದ್ದ ಲೆಕ್ಕವನ್ನು ಮಾಡಿದೆ. ಊರಿನ ಅಷ್ಟೂ ದೋಣಿಗಳು ಏಪ್ರಿಲ್ ಇಡೀ ಬೇಟೆಯಾಡಿದ್ದರೂ ಆ ಅಂತರದ ಒಂದು ಮೂಲೆಯೂ ತುಂಬುತ್ತಿರಲಿಲ್ಲ. ನೀನೊಬ್ಬನೇ ಕದ್ದಿದ್ದರೆ ಕೊಲ್ಲಿಯನ್ನೇ ಹೆಗಲ ಮೇಲೆ ಹೊತ್ತುಕೊಂಡು ಹೋಗಬೇಕಿತ್ತು. ಒಂದು ಮಧ್ಯಾಹ್ನದ ಕೆಲಸ ಇದು. ವರದಿ ಬರೆಯುವ ಮುಂಚೆ ಮಾಡಲಿಲ್ಲ. ಉತ್ತರ ಏನು ಬರುತ್ತದೆಂಬ ಹೆದರಿಕೆ ಇತ್ತು.

ತಪ್ಪು ಎಲ್ಲಿದೆ ಎಂದೂ ಈಗ ಸ್ವಲ್ಪ ಕಾಣುತ್ತಿದೆ. ಹೆಚ್ಚುವ ದರವನ್ನು ದೂರದ ಇನ್ನೊಂದು ಕಡಲಿನ ಲೆಕ್ಕದಿಂದ ಎತ್ತಿಕೊಂಡೆ, ನಮ್ಮ ಕೊಲ್ಲಿಯದು ಯಾರ ಬಳಿಯೂ ಇರಲಿಲ್ಲ. ಅದಕ್ಕಿಂತ ದೊಡ್ಡದು ಬೇರೆ ಇದೆ. ನನ್ನ ಗೆರೆ ನುಣ್ಣಗೆ ಏರುತ್ತದೆ, ಈ ವರ್ಷದ ತಾಯಂದಿರು ಮುಂದಿನ ವರ್ಷವೂ ಇರುತ್ತಾರೆ ಎಂಬಂತೆ. ಆಕ್ಟೋಪಸ್ ತಾಯಿ ಮೊಟ್ಟೆ ಕಾಯುತ್ತ ಉಪವಾಸವಿದ್ದು ಸಾಯುತ್ತದೆ. ಪ್ರತಿ ಸಲವೂ ಎಲ್ಲ ಮೊದಲಿಂದ. ಇಂಥವುಗಳಿಗೆ ಬೇರೆ ಸಮೀಕರಣ ಬೇಕು. ಅದರಲ್ಲಿ ಸಂಖ್ಯೆ ಒಮ್ಮೆಲೆ ಮೇಲೆ ಹಾರಿ, ಜಾಗ ಸಾಲದೆ, ದೊಡ್ಡದು ಚಿಕ್ಕದನ್ನು ತಿಂದು, ಮರುಗಳಿಗೆಯೇ ಕೆಳಗೆ ಬೀಳಬಹುದು. ಆಗಸ್ಟಿನ ಮರಿಗಳಿಗೆ ಹಾಗೇ ಆಗಿರಬಹುದು. ಖಚಿತವಾಗಿ ಗೊತ್ತಿಲ್ಲ. "ಗೊತ್ತಿಲ್ಲ" ಎಂದು ವರದಿಯಲ್ಲಿ ಬರೆಯಲು ಜಾಗ ಬೇಕಾದಷ್ಟಿತ್ತು.

ವರದಿಯನ್ನು ಹಿಂದಕ್ಕೆ ಪಡೆಯುವ ಪತ್ರವನ್ನು ಸಚಿವಾಲಯಕ್ಕೆ ಕೊಟ್ಟಿದ್ದೇನೆ. ಈದ್ ಮುಗಿದ ಮೇಲೆ ಊರಿಗೆ ಬರುತ್ತೇನೆ.

ದಲಂದಾ

*

ಕರ್ಕೆನ್ನಾ,
17 ಮೇ 1987

ದಲಂದಾ,

ಬರಬೇಡ. ಆದದ್ದು ಆಯಿತು. ಊರಿಗೆ ಪರವಾನಗಿ ಸಿಕ್ಕಿದೆ, ನಿನಗೆ ಕೆಲಸ ಉಳಿದಿದೆ. ನನಗೆ ವಯಸ್ಸಾಯಿತು, ಕಡಲಿಲ್ಲದೆ ನಡೆಯುತ್ತದೆ. ನೀನು ಬಂದು ಬಾಯಿ ಬಿಟ್ಟರೆ ನಾನು ಕಳ್ಳನಾಗಿದ್ದೂ ದಂಡವಾಗುತ್ತದೆ.

ನನ್ನ ಮಾತು ಮೀರಬೇಡ.

ಲರೂಸಿ

*

ಸ್ಫಾಕ್ಸ್, ರೈಲು ನಿಲ್ದಾಣ,
9 ಜೂನ್ 1987

ಅಪ್ಪಾ,

ಮಾತು ಮೀರಿದೆ.

ನಾನು ಬರುವ ಸುದ್ದಿ ಕೇಳಿ ನೀನು ತಿಜಾನಿಯ ದೋಣಿ ತೆಗೆದುಕೊಂಡು ಹೊರಟೆಯಂತೆ. ಎರಡು ದಿನ ಅಮ್ಮನೂ ನಾನೂ ಬಾಗಿಲ ಕಡೆ ನೋಡುತ್ತ ಕೂತೆವು. ದಂಡೆಗೆ ಬಂದು ನಿಂತರೆ ದೂರದಲ್ಲಿ ನಿನ್ನ ಹಾಯಿ ಕಾಣುತ್ತಿತ್ತು. ನಿನಗೂ ನಾನು ಕಂಡಿರಬೇಕು. ಅದಕ್ಕೇ ನಡೆದದ್ದನ್ನು ಇಲ್ಲಿಂದ ಬರೆಯುತ್ತಿದ್ದೇನೆ, ನನ್ನ ಬಾಯಿಂದಲೇ ನಿನಗೆ ಗೊತ್ತಾಗಲಿ.

ಸಂಜೆ ಕಾಫಿ ಅಂಗಡಿಗೆ ಹೋದೆ. ಯಾರೂ ಕುರ್ಚಿ ಕೊಡಲಿಲ್ಲ. ತಿಜಾನಿ ಬಂದು ಪಕ್ಕದಲ್ಲಿ ನಿಂತ. ಹೇಳಬೇಕಾದದ್ದನ್ನು ರೈಲಿನಲ್ಲಿ ಬಾಯಿಪಾಠ ಮಾಡಿದ್ದೆ, ಎಲ್ಲ ಮರೆತುಹೋಯಿತು. "ನಾನು ಬರೆದ ಗೆರೆಗೂ ನಿಮ್ಮ ಮಡಕೆಗೂ ಮಧ್ಯ ಒಂದು ಜಾಗ ಇತ್ತಲ್ಲ, ಅದು ನನಗೆ ಗೊತ್ತಿಲ್ದೇ ಇದ್ದದ್ದು. ಅದಕ್ಕೆ ನಾನು ಕಳ್ಳತನ ಅಂತ ಹೆಸರಿಟ್ಟೆ" ಎಂದೆ.

ಶಾದ್ಲಿ ಕೇಳಿದ, "ಅಂದ್ರೆ ಲರೂಸಿ ಹೋಗಿರ್ಲಿಲ್ವಾ?"

"ಇಡೀ ಊರೇ ಹೋಗಿದ್ರೂ ಅಷ್ಟು ಕಮ್ಮಿ ಆಗ್ತಿರ್ಲಿಲ್ಲ. ಒಬ್ಬ ಮುದುಕ ಏನು ಮಾಡ್ತಾನೆ?"

ಆಗ ತಿಜಾನಿ, "ಆ ತಿಂಗಳು ಪೂರಾ ಅಪ್ಪ ನನ್ನ ಜೊತೆ ಬೇಲಿ ಹತ್ರ ಇದ್ದ. ನನಗೆ ಗೊತ್ತಿತ್ತು" ಎಂದ. ಅವನ ಹುಡುಗಿಯ ಅಪ್ಪನೂ ಅಲ್ಲೇ ಕೂತಿದ್ದರು.

"ನೀನು ಈ ಲೆಕ್ಕನ ಮೊದಲೇ ಯಾಕಮ್ಮ ಮಾಡ್ಲಿಲ್ಲ?" ಶಾದ್ಲಿ ಕೇಳಿದ.

"ಹೆದರಿದ್ದೆ."

"ಯಾರಿಗೆ?"

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಯಾರೂ ಬೈಯಲಿಲ್ಲ. ಶಾದ್ಲಿ ತಲೆ ಮೇಲಿನ ಕೆಂಪು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡುತ್ತ ಕೂತ. "ಎರಡು ತಿಂಗಳಾಯ್ತು, ಅವನ ಸಲಾಮಿಗೆ ನಾನು ಉತ್ತರ ಕೊಟ್ಟಿಲ್ಲ" ಎಂದ. ನನಗೆ ಹೇಳಿದ್ದಲ್ಲ ಅದು. ಒಬ್ಬೊಬ್ಬರಾಗಿ ಎದ್ದು ಹೋದರು. ಹೋಗುವಾಗ ಯಾರೂ ನನ್ನ ಮುಖ ನೋಡಲಿಲ್ಲ. ಅಂಗಡಿಯವನು ದೀಪ ಆರಿಸದೆ, ನಾವಿಬ್ಬರೂ ಹೊರಡಲಿ ಎಂದು ಕಾಯುತ್ತ ನಿಂತಿದ್ದ.

ಕಚೇರಿಯ ಸುದ್ದಿ: ಪ್ರಬಂಧ ನಿಂತಿತು. ಡಾಕ್ಟರ್ ಕಮ್ಮೂನ್ ನನ್ನನ್ನು ಮಾರುಕಟ್ಟೆ ದರ ಬರೆದಿಡುವ ವಿಭಾಗಕ್ಕೆ ಹಾಕಿದ್ದಾರೆ. ಇದಕ್ಕೆ ನೀನು ನೊಂದುಕೊಳ್ಳಬೇಡ. ನೀನು ಹಾಯಿ ತಿರುಗಿಸಲಿಲ್ಲವಲ್ಲ, ನನಗೆ ನೋವಾದದ್ದು ಅದೊಂದೇ. ಅದಕ್ಕೂ ನಾನೇ ಕಾರಣ.

ದಲಂದಾ

*

ಕರ್ಕೆನ್ನಾ,
24 ಜುಲೈ 1987

ಮಗಳು ದಲಂದಾಳಿಗೆ,

ಬರೆದು ಹರಿದು, ಬರೆದು ಹರಿದು, ಇದೊಂದು ಉಳಿಯಿತು.

ಅಂದು ನೀನು ದಂಡೆಯಲ್ಲಿ ನಿಂತದ್ದು ಕಂಡಿತ್ತು. ನನ್ನ ಮಾತು ಮೀರಿದಳೆಂಬ ಸಿಟ್ಟಿಗೆ ದೂರ ಇದ್ದೆ ಎಂದು ಅಮ್ಮನಿಗೆ ಹೇಳಿದೆ. ಅದೂ ಸುಳ್ಳು. ನಾನು ಸುಳ್ಳು ಹೇಳಿದ್ದನ್ನು ಕಂಡುಹಿಡಿದ ಮಗಳ ಮುಖ ನೋಡುವುದು ಹೇಗೆ ಎಂದು ತಿಳಿಯದೆ ಇದ್ದೆ.

ಕಳ್ಳನಾಗಿದ್ದಾಗ ಒಂದು ಸುಖವಿತ್ತು, ಕೇಳು. ಯಾರೂ ಮಾತಾಡಿಸದಿದ್ದರೂ ಒಳಗೊಳಗೇ ನಾನು ಅವರಿಗಿಂತ ದೊಡ್ಡವನು ಎಂದುಕೊಂಡು ನಡೆಯುತ್ತಿದ್ದೆ. ಶಾದ್ಲಿ ಉಗಿದಾಗಲೂ ಹಾಗೇ ಅಂದುಕೊಂಡೆ. ಅವನ ಮಕ್ಕಳು ಗಂಜಿ ಕುಡಿದ ಹೊಟ್ಟೆಯಿಂದ ಆ ಉಗುಳು ಬಂದಿತ್ತು. ನಾನು ಅದನ್ನೂ ನನ್ನ ದೊಡ್ಡತನಕ್ಕೆ ಸೇರಿಸಿಕೊಂಡೆ. ನೆನೆದರೆ ಈಗ ಮೈ ಹಿಡಿಯಾಗುತ್ತದೆ.

ನೀನು ಊರು ಬಿಟ್ಟ ವಾರವೇ ನಾನು ಕಾಫಿ ಅಂಗಡಿಗೆ ಹೋದೆ. ಎಲ್ಲರೂ ಎದ್ದು ನಿಂತರು. ಯಾರೂ "ಗಡ್ಡ ಬಂತು" ಎನ್ನಲಿಲ್ಲ. ಎನ್ನಬಾರದೇ ಎನಿಸಿತು. ಬಾಗಿಲಿಂದಲೇ ಹಿಂದಕ್ಕೆ ಬಂದುಬಿಟ್ಟೆ. ಶಾದ್ಲಿ ಮನೆ ತನಕ ಹಿಂದೆ ಬಂದ. ಇಬ್ಬರೂ ಅಂಗಳದ ಅಂಜೂರದ ಕೆಳಗೆ ಕೂತೆವು. "ಅದೇನೋ ಲರೂಸಿ, ನಮ್ಮನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಎಂದ. ಅಮ್ಮ ಕೊಟ್ಟ ಚಹಾ ಕುಡಿದು ಹೋದ.

ಸುಳ್ಳು ಹೇಳಿಕೆ ಕೊಟ್ಟದ್ದೂ ತಪ್ಪೇ ಎಂದು ಅಧಿಕಾರಿ ನನ್ನ ಪರವಾನಗಿ ಹಿಂದಕ್ಕೆ ಕೊಟ್ಟಿಲ್ಲ. ಕೊಡುವುದಿಲ್ಲವೆಂದೇ ಕಾಣುತ್ತದೆ. ಶರ್ಫಿಯಾವನ್ನು ತಿಜಾನಿಯ ಹೆಸರಿಗೆ ಕೇಳಿದ್ದೇವೆ. ಅವನ ಹುಡುಗಿಯ ಅಪ್ಪ ಇನ್ನೂ ಹೌದು ಎಂದಿಲ್ಲ, ಇಲ್ಲ ಎಂದೂ ಇಲ್ಲ. ಆಕ್ಟೋಪಸ್ ಈ ಚಳಿಗಾಲ ಬರುತ್ತವೋ ಇಲ್ಲವೋ, ನನಗೂ ಗೊತ್ತಿಲ್ಲ.

ದೊಡ್ಡ ಈದ್ ಹತ್ತಿರ ಬಂತು. ಅಮ್ಮ ನಿನ್ನನ್ನು ಕರೆ ಎನ್ನುತ್ತಾಳೆ. "ಹೇಗೆ ಕರೀಲೇ? ಅವಳು ತಲೆ ತಗ್ಗಿಸಿಕೊಂಡು ಬರ್ತಾಳೆ, ನಾನು ತಲೆ ತಗ್ಗಿಸಿಕೊಂಡು ಕೂತಿರ್ತೀನಿ" ಎಂದೆ. ಅವಳು ಒಲೆ ಕಡೆಯಿಂದ ತಿರುಗಿಯೂ ನೋಡದೆ ಹೇಳಿದಳು: "ತಗ್ಗಿಸಿಕೊಂಡೇ ಬರ್ಲಿ ಬಿಡಿ. ಉಣ್ಣೋವಾಗ ಎಲ್ರೂ ತಲೆ ತಗ್ಗಿಸಲೇಬೇಕಲ್ಲ."

ಬಾ. ಈ ಸಲ ದಂಡೆಯಲ್ಲಿ ನಾನು ನಿಂತಿರುತ್ತೇನೆ.

ನಿನ್ನಪ್ಪ,
ಲರೂಸಿ